ಬೇತಮಂಗಲದ ನೀರು, ಬೇಕರ್ ಸ್ಟ್ರೀಟಿನ ಪಿಟೀಲು

ನಮ್ಮ ಲೈನಿನ ಮಕ್ಕಳಿಗೆ ಪಿಟೀಲು ಅಂದರೆ ಎರಡೇ. ಒಂದು, ರಾಮನವಮಿಗೆ ರಾಬರ್ಟ್‌ಸನ್‌ಪೇಟೆಯ ಪೆಂಡಾಲಿನಲ್ಲಿ ಪಾನಕ ಕೋಸಂಬರಿಗೆ ಕಾಯುತ್ತ ಕೂತಾಗ ಕೇಳಿಸುತ್ತಿದ್ದ ಕಛೇರಿಯ ಪಿಟೀಲು. ಇನ್ನೊಂದು, ಎದುರು ಸಾಲಿನ ಆಂಟಿಯ ಮನೆಯ ಕಲರ್ ಟೀವಿಯಲ್ಲಿ ಷರ್ಲಾಕ್ ಹೋಮ್ಸ್ ಶುರುವಾಗುವಾಗ ಬರುತ್ತಿದ್ದ ಪಿಟೀಲು. ಅದನ್ನು ಕಟ್ಟಿದವರು ಪ್ಯಾಟ್ರಿಕ್ ಗವರ್ಸ್ ಎಂಬುದೆಲ್ಲ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಆಗ ತಿಳಿದಿದ್ದು ಒಂದೇ, ಆ ನಾದ ಹೊರಟಿತೆಂದರೆ ಗೋಲಿ ಆಡುತ್ತಿದ್ದವನು ಗೋಲಿಗಳನ್ನು ಚಡ್ಡಿ ಜೇಬಿಗೆ ತುರುಕಿ, ಮಗ್ಗಿ ಬರೆಯುತ್ತಿದ್ದವಳು ಸ್ಲೇಟು ಮಗುಚಿ, ಅಂಗಳ ಗುಡಿಸುತ್ತಿದ್ದ ನಮ್ಮಕ್ಕ ಪೊರಕೆಯನ್ನು ಬಾಗಿಲ ಸಂದಿಗೆ ಒರಗಿಸಿ, ಉಂಡು ಮುಗಿಸದವರು ಉಪ್ಸಾರಿಗೆ ಅದ್ದಿದ ಕೊನೆಯ ಮುದ್ದೆಯನ್ನು ನಿಂತಲ್ಲೇ ನುಂಗಿ, ಎಲ್ಲರೂ ಒಂದೇ ಉಸಿರಿಗೆ ಓಡಬೇಕು. ತಡವಾದವರಿಗೆ ಜಮಖಾನದ ಮೇಲೆ ಜಾಗ ಸಿಗುತ್ತಿರಲಿಲ್ಲ, ಬಾಗಿಲ ಹೊಸಿಲ ಮೇಲೆ ಕೂತು ಅರ್ಧ ಹೋಮ್ಸನ್ನೇ ನೋಡಬೇಕಾಗುತ್ತಿತ್ತು.

ನಮ್ಮ ಕೋಲಾರದ ಚಿನ್ನದ ಗಣಿ ಊರಿಗೆ ‘ಲಿಟಲ್ ಇಂಗ್ಲೆಂಡ್’ ಅಂತ ಹೆಸರು ಬಿದ್ದದ್ದು ನಮ್ಮ ತಾತಂದಿರ ಕಾಲದಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಬಂದು ಗಣಿ ಹಿಡಿದಾಗ, ಕಾರ್ನ್‌ವಾಲಿನ ತವರದ ಗಣಿಗಳಲ್ಲಿ ಪಳಗಿದವರು ಹಡಗು ಹತ್ತಿ ಬಂದರು. ಅವರು ಇರಲೆಂದು ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ, ಆಸ್ಪತ್ರೆ ಎಲ್ಲ ಎದ್ದವು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, ದೊರೆಗಳು ಹೋದರು. ಆದರೆ ಅವರ ಹೊಗೆಗೂಡುಗಳು ಹೋಗಲಿಲ್ಲ. ಇಳಿಜಾರು ಸೂರಿನ ಬಂಗಲೆಗಳ ಒಳಗೆ ಅಗ್ಗಿಷ್ಟಿಕೆಗಳು ಹಾಗೇ ಇದ್ದವು, ಹೊರಗೆ ಗುಲಾಬಿ ಗಿಡಗಳಿದ್ದವು, ಅದರಾಚೆ ಕೂಲಿಯವರ ಸಾಲು ಸಾಲು ಲೈನು ಮನೆಗಳಿದ್ದವು. ಹಾಗಾಗಿ ಟೀವಿಯಲ್ಲಿ ಯಾವನೋ ಸಾಹುಕಾರ ಅಗ್ಗಿಷ್ಟಿಕೆಯ ಮುಂದೆ ಬೋರಲಾಗಿ ಬಿದ್ದಿದ್ದರೆ ನಮಗೆ ಅದು ಏಳು ಸಮುದ್ರದಾಚೆಯ ಮನೆ ಅನ್ನಿಸುತ್ತಲೇ ಇರಲಿಲ್ಲ. “ಅಗೋ, ಸೂಪರಿಂಟೆಂಡೆಂಟ್ ಬಂಗಲೆ ಥರಾನೇ ಅದೆ” ಅಂತ ಯಾರಾದರೂ ಕೂಗುತ್ತಿದ್ದರು. ಕಬ್ಬಿಣದ ಗೇಟು, ಜಲ್ಲಿ ಹಾಸಿದ ದಾರಿ, ಬಾಗಿಲ ಬಳಿ ಛತ್ರಿ ನಿಲ್ಲಿಸುವ ಪಾತ್ರೆ, ಎಲ್ಲ ನಮ್ಮ ಕಣ್ಣು ಕಂಡವೇ. ನಮ್ಮಮ್ಮಂದಿರಲ್ಲಿ ಒಬ್ಬಿಬ್ಬರು ಅಂಥ ಮನೆಗಳಿಗೆ ಹಾಲು ಹಾಕಿದವರು, ನಮ್ಮಣ್ಣಂದಿರು ಅಂಥ ಕಾಂಪೌಂಡು ಹಾರಿ ಸೀಬೆಕಾಯಿ ಕಿತ್ತವರು.

ಆಂಟಿ ಆಂಗ್ಲೋ ಇಂಡಿಯನ್. ಮನೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು, ನಮ್ಮಮ್ಮನ ಜೊತೆ ಕೈಸನ್ನೆ ಬೆರೆಸಿದ ಕನ್ನಡ. ಅವರ ಮುತ್ತಜ್ಜ ಕಾರ್ನ್‌ವಾಲಿನಿಂದ ಬಂದವರಂತೆ. ಮನೆಯೊಳಗೆ ಕಾಲಿಟ್ಟರೆ ನುಸಿಗುಳಿಗೆ, ಕಾಫಿ, ಮೇಣ ಹಚ್ಚಿದ ಮರ, ಭಾನುವಾರವಾದರೆ ಹಳದಿ ಅನ್ನ ಮತ್ತು ಬಾಲ್ ಕರ್ರಿಯ ವಾಸನೆ. ಡಿಸೆಂಬರಿನಲ್ಲಿ ಕಲ್‌ಕಲ್ ಕರಿಯುವ ಎಣ್ಣೆಯ ವಾಸನೆ ನಮ್ಮ ಸಾಲಿನ ಕೊನೆಯ ಮನೆಗೂ ಬರುತ್ತಿತ್ತು, ಅದರ ಹಿಂದೆಯೇ ತಟ್ಟೆಯೂ ಬರುತ್ತಿತ್ತು. ಅವರ ತಂಗಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದರು. ಆ ತಂಗಿ ಅಲ್ಲಿಯ ಟೀವಿಯಲ್ಲಿ ಬಂದದ್ದನ್ನು ಟೇಪು ಮಾಡಿ, ಸ್ವೆಟರುಗಳ ನಡುವೆ ಸುತ್ತಿ, ಬರುವವರು ಹೋಗುವವರ ಕೈಲಿ ಕ್ಯಾಸೆಟ್ಟುಗಳನ್ನು ಕಳಿಸುತ್ತಿದ್ದರು. ಬ್ರಿಟನ್ನಿನ ಟೀವಿಯೂ ನಮ್ಮ ಟೀವಿಯೂ ಒಂದೇ ಪಾಲ್ ಪದ್ಧತಿಯವು. ಅದಕ್ಕೇ ಅಲ್ಲಿ ಹಿಡಿದದ್ದು ಇಲ್ಲಿ ಬಣ್ಣ ಕೆಡದೆ ಓಡುತ್ತಿತ್ತು. ಅಮೆರಿಕದಿಂದ ಬಂದ ಕ್ಯಾಸೆಟ್ಟಾಗಿದ್ದರೆ ಬರೀ ಗೆರೆ ಕಾಣುತ್ತಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದರು. ಅಪ್ಪ ಗಣಿಯ ಕರೆಂಟಿನ ಇಲಾಖೆಯಲ್ಲಿದ್ದವರು, ತಂತಿಗೆ ಸಂಬಂಧಪಟ್ಟ ಮಾತಿನಲ್ಲಿ ಅವರದೇ ಕೊನೆಯ ಮಾತು.

ಆ ಹೋಮ್ಸ್ ಜೆರೆಮಿ ಬ್ರೆಟ್. ಗ್ರನಾಡಾ ಕಂಪನಿ ಮಾಡಿದ ಸರಣಿ, 1984ರ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಒಟ್ಟು 41 ಕಂತು. ಮ್ಯಾಂಚೆಸ್ಟರಿನ ಸ್ಟುಡಿಯೋದಲ್ಲಿ ಒಂದು ಇಡೀ ಬೇಕರ್ ಸ್ಟ್ರೀಟನ್ನೇ ಕಟ್ಟಿ ನಿಲ್ಲಿಸಿದ್ದರು. ಕಾನನ್ ಡಾಯ್ಲ್ ಕಥೆಗಳು ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಬಂದಾಗ ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳಿದ್ದವಲ್ಲ, ಆ ಚಿತ್ರಗಳಲ್ಲಿ ಹೋಮ್ಸ್ ಹೇಗೆ ಕಾಲು ಮಡಚಿ ಕುರ್ಚಿಯಲ್ಲಿ ಕೂತಿದ್ದನೋ, ರೈಲಿನಲ್ಲಿ ಹೇಗೆ ವಾಟ್ಸನ್ನನ ಎದುರು ಬಾಗಿ ಬೆರಳೆಣಿಸುತ್ತಿದ್ದನೋ, ಹಾಗೇ ಬ್ರೆಟ್‌ನನ್ನು ಕೂರಿಸಿ ನಿಲ್ಲಿಸಿ ತೆಗೆದಿದ್ದಾರೆ. ಸುಮ್ಮನೆ ಕೂತಿದ್ದವನು ಒಮ್ಮೆಗೇ ಸೋಫಾ ಹಾರಿ ಕಿಟಕಿಗೆ ಹೋಗುವುದು, ಯಾರೋ ಅಳುತ್ತ ಮಾತಾಡುವಾಗ ಕಣ್ಣು ಮುಚ್ಚಿ ತುಟಿಯ ಮೇಲೆ ಬೆರಳಿಡುವುದು, ಅರೆಗಳಿಗೆಯ ನಗು ತಟ್ಟನೆ ಆರಿಹೋಗುವುದು, ಇವನ್ನೆಲ್ಲ ನಾವು ಲೈನಿನ ಮಕ್ಕಳು ಸೊಂಟಕ್ಕೆ ಅಮ್ಮನ ಶಾಲು ಕಟ್ಟಿಕೊಂಡು ಮಾಡಿದ್ದೇ ಮಾಡಿದ್ದು. ಆಮೇಲೆ ಎಷ್ಟೋ ಹೋಮ್ಸ್‌ಗಳು ಬಂದರು, ಹೊಸ ಕಾಲದ ಫೋನು ಹಿಡಿದ ಹೋಮ್ಸೂ ಬಂದ. ನಮ್ಮ ಪಾಲಿಗೆ ಅವನೊಬ್ಬನೇ. ಇದರಲ್ಲಿ ನಮ್ಮ ಕಡೆಯಿಂದ ಯಾವ ರಾಜಿಯೂ ಇಲ್ಲ.

ಕೂರುವುದಕ್ಕೂ ಒಂದು ಕ್ರಮ ಇತ್ತು. ಬೆತ್ತದ ಕುರ್ಚಿ ಆಂಟಿಯದು. ಅವರ ಪಕ್ಕದ ಮೋಡಾ ಪಕ್ಕದ ಮನೆ ತಮಿಳು ತಾತಾನದು, ಅವರ ಕಾಲ ಬುಡದಲ್ಲಿ ವೆತ್ತಲೆಪಾಕು ಡಬ್ಬಿ. ಅಮ್ಮ, ಪೆರಿಯಮ್ಮ, ಕೊನೇ ಮನೆ ತೆಲುಗಿನ ಅತ್ತೆ ಗೋಡೆಗೊರಗಿ ಸಾಲಾಗಿ. ಅವರ ಮಡಿಲಲ್ಲಿ ಹಿತಕಿದ ಅವರೆಬೇಳೆಯ ಮೊರ, ಅಥವಾ ಕಟ್ಟಬೇಕಾದ ಕನಕಾಂಬರ, ಅಥವಾ ಬಿಡಿಸಬೇಕಾದ ಹುಣಸೆಹಣ್ಣು. ಕೊಲೆ ಯಾರು ಮಾಡಿದರೆಂದು ಹೋಮ್ಸ್ ಹೇಳುವ ಹೊತ್ತಿಗೆ ಒಂದು ಸೇರು ಅವರೆಕಾಳು ಚಿತ್ತಾಗಿರುತ್ತಿತ್ತು. ಧನುರ್ಮಾಸದ ಚಳಿಯಲ್ಲಿ ಆ ಸೊಗಡು ಮೂಗಿಗೆ ಎಷ್ಟು ಹತ್ತಿತ್ತೆಂದರೆ ಇವತ್ತಿಗೂ ಸೊಗಡವರೆ ಮಾರುವವನ ಗಾಡಿ ಎದುರಾದರೆ ಕುದುರೆಗಾಡಿಯ ಗೊರಸಿನ ಸದ್ದು ಕಿವಿಗೆ ಬರುತ್ತದೆ. ಮಕ್ಕಳು ಜಮಖಾನದ ಮೇಲೆ. ಕಥೆ ಮೂರು ಭಾಷೆಯಲ್ಲಿ ನಡೆಯುತ್ತಿತ್ತು: ಆಂಟಿ ಒಂದು ಸಾಲು ಬಿಡಿಸಿ ಹೇಳಿದರೆ ತಾತಾ ಅದನ್ನು ತಮಿಳಿಗೆ ತರುವರು, ಅಮ್ಮ ಅದಕ್ಕೆ ಕನ್ನಡದಲ್ಲಿ ಸ್ವಲ್ಪ ಸೇರಿಸಿ ತೆಲುಗಿನ ಅತ್ತೆಗೆ ದಾಟಿಸುವಳು, ಅಷ್ಟರಲ್ಲಿ ಹೋಮ್ಸ್ ಬೇರೆ ಕೋಣೆಗೆ ಹೋಗಿರುತ್ತಿದ್ದ.

ತಂಗಿಯಮ್ಮ ಟೇಪು ಮಾಡುತ್ತಿದ್ದದ್ದು ಐಟಿವಿಯಿಂದ. ಆದ್ದರಿಂದ ನಡುನಡುವೆ ಅಲ್ಲಿಯ ಅಡ್ವಟೈಸುಗಳೂ ಹಾಗೇ ಬರುತ್ತಿದ್ದವು. ಪಿಜಿ ಟಿಪ್ಸ್ ಅಂತ ಒಂದು ಚಹಾ, ಅದಕ್ಕೆ ಅಂಗಿ ಷರಾಯಿ ತೊಟ್ಟ ಚಿಂಪಾಂಜಿಗಳು ಮೇಜಿನ ಸುತ್ತ ಕೂತು ಟೀ ಕುಡಿಯುತ್ತಿದ್ದವು. ಆ ಚಿಂಪಾಂಜಿಗಳಿಗಾಗಿ ನಾವು ಹೋಮ್ಸನನ್ನೂ ಸ್ವಲ್ಪ ಹೊತ್ತು ಮರೆಯಲು ತಯಾರಿದ್ದೆವು. ಆದರೆ ಅಮ್ಮಂದಿರಿಗೆ ಅಡ್ವಟೈಸು ಅಂದರೆ ಬೇತಮಂಗಲದ ನೀರು. ಪಾಲಾರಿನ ಬೇತಮಂಗಲ ಕೆರೆಯಿಂದ ನಮ್ಮೂರಿಗೆ ಕುಡಿಯುವ ನೀರು ಬರಬೇಕು, ನಮ್ಮ ಸಾಲಿನ ಕೊಳಾಯಿಗೆ ಅದು ಬರುತ್ತಿದ್ದದ್ದು ರಾತ್ರಿ, ಅದೂ ಸಣ್ಣ ದಾರವಾಗಿ. ಹೊರಡುವ ಮುಂಚೆ ಕೊಳಾಯಿ ಕೆಳಗೆ ಒಂದು ಕೊಡ ಇಟ್ಟು ಬಂದರೆ ಮೊದಲ ಅಡ್ವಟೈಸಿಗೆ ಅದು ತುಂಬಿರಬೇಕು, ಎರಡನೆಯದಕ್ಕೆ ಇನ್ನೊಂದು. ಟೀವಿಯಲ್ಲಿ ಚಿಂಪಾಂಜಿ ಮುಖ ಕಂಡ ತಕ್ಷಣ ಗೋಡೆಗೊರಗಿದ್ದ ಸಾಲೆಲ್ಲ ಸೀರೆ ಸೆರಗು ಸಿಕ್ಕಿಸಿಕೊಂಡು ಎದ್ದು, ಕತ್ತಲಲ್ಲಿ ಕೊಡ ಬದಲಾಯಿಸಿ, ಹಿತ್ತಾಳೆಗೆ ಬೀಳುವ ನೀರಿನ ಸದ್ದು ಒಂದೊಂದು ಅಂಗಳದಿಂದಲೂ ಕೇಳಿ, ಮತ್ತೆ ಒದ್ದೆ ಪಾದದಲ್ಲಿ ಬಂದು ಕೂತಾಗ ಬೇಕರ್ ಸ್ಟ್ರೀಟಿನಲ್ಲಿ ಬೆಲ್ಲು ಬಾರಿಸುತ್ತಿತ್ತು. ಕೊಡದ ಲೆಕ್ಕ ತಪ್ಪಿದರೆ ಮರುದಿನ ಇಡೀ ಮನೆಗೆ ನೀರಿಲ್ಲ. ಯಾವತ್ತೂ ತಪ್ಪಲಿಲ್ಲ.

‘ಸ್ಪೆಕಲ್ಡ್ ಬ್ಯಾಂಡ್’ ನೋಡಿದ ರಾತ್ರಿ ನಮ್ಮ ಸಾಲಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ರಾಯ್ಲಟ್, ಗೋಡೆಯ ಮೇಲಿನ ಗವಾಕ್ಷಿಯಿಂದ ಹಾವು ಬಿಟ್ಟು ಮಲಮಗಳನ್ನು ಕೊಲ್ಲುತ್ತಾನೆ. ಶಿಳ್ಳೆ ಹಾಕಿ ಅದನ್ನು ವಾಪಸು ಕರೆದು ಬಟ್ಟಲಲ್ಲಿ ಹಾಲು ಇಡುತ್ತಾನೆ. ನಮ್ಮ ಮನೆಗಳಲ್ಲೂ ಸೂರಿನ ಕೆಳಗೆ ಗವಾಕ್ಷಿ, ಗವಾಕ್ಷಿಯಾಚೆ ಕಲ್ಲುಗುಡ್ಡೆ, ಕಲ್ಲುಗುಡ್ಡೆಯಲ್ಲಿ ನಿಜವಾದ ಹಾವು. ಅಕ್ಕ ಹಾಸಿಗೆಯನ್ನು ಕೋಣೆಯ ನಡುವಿಗೆ ಎಳೆದಳು, ತಮ್ಮ ಅದರ ಮೇಲೆ ತಲೆತನಕ ಹೊದ್ದುಕೊಂಡ, ನಾನು ದೀಪ ಆರಿಸಬೇಡಿ ಅಂತ ಅತ್ತೆ. ಕೊನೆಗೆ ಅಮ್ಮ ಸ್ಟೂಲು ಹತ್ತಿ ಅಪ್ಪನ ಹಳೇ ಖಾಕಿ ಷರಾಯಿಯನ್ನು ಉಂಡೆ ಮಾಡಿ ಗವಾಕ್ಷಿಗೆ ತುರುಕಿದಳು. ತಮಿಳು ತಾತಾ ಮಾತ್ರ ಬೆಳಿಗ್ಗೆ ಹಲ್ಲುಜ್ಜುತ್ತ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: ಹಾವಿಗೆ ಶಿಳ್ಳೆ ಕೇಳಿಸೋದಿಲ್ಲ, ಹಾವು ಹಾಲಿಗೆ ಆಸೆ ಪಡೋದಿಲ್ಲ, ಆ ದೊರೆಗೆ ನಮ್ಮ ದೇಶದ ಹಾವೇ ಗೊತ್ತಿಲ್ಲ. ನಲವತ್ತು ವರ್ಷ ನೆಲದಡಿ ದುಡಿದ ಮನುಷ್ಯ, ಕತ್ತಲಲ್ಲಿ ಹರಿದಾಡುವುದರ ಬಗ್ಗೆ ಅವರ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಆದರೂ ಷರಾಯಿ ಆ ಗವಾಕ್ಷಿಯಲ್ಲಿ ಯುಗಾದಿಯ ಸುಣ್ಣ ಬಳಿಯುವ ತನಕ ಇತ್ತು.

ಸಯನೈಡು ಅಂದರೆ ಬೇರೆ ಊರಿನ ಮಕ್ಕಳಿಗೆ ಕಥೆಯಲ್ಲಿ ಬರುವ ವಿಷ. ನಮಗೆ ಅದೊಂದು ಗುಡ್ಡ. ಅದಿರನ್ನು ಹಿಟ್ಟುಮಾಡಿ, ಸಯನೈಡಿನ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಮಣ್ಣನ್ನು ತಂದು ಸುರಿದೂ ಸುರಿದೂ ಎದ್ದ ಗುಡ್ಡಗಳು. ಕೋಟಿಗಟ್ಟಲೆ ಟನ್ ಮಣ್ಣು. ಆಷಾಢದ ಗಾಳಿ ಎದ್ದರೆ ಅದರ ಧೂಳು ಒಗೆದು ಹರವಿದ ಬಟ್ಟೆಯ ಮೇಲೆ, ಸಂಡಿಗೆಯ ಮೇಲೆ, ಮುಚ್ಚಿಟ್ಟ ಅನ್ನದ ತಪ್ಪಲೆಯ ಒಳಕ್ಕೂ ಬಂದು ಕೂರುತ್ತಿತ್ತು, ಹಲ್ಲಿನ ಸಂದಿಯಲ್ಲಿ ಕರುಕುರು ಅನ್ನುತ್ತಿತ್ತು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಗುಣ ಕಲಿತವರು. ಅವರ 1945ರ ಕಾದಂಬರಿಯೊಂದರ ಹೆಸರಿನಲ್ಲೇ ಸಯನೈಡ್ ಇದೆ. ಅವರ ಕಥೆಯಲ್ಲಿ ಯಾರಾದರೂ ಷಾಂಪೇನು ಕುಡಿದು ಕುಸಿದರೆ, ಕಹಿ ಬಾದಾಮಿ ವಾಸನೆ ಅಂತ ಡಾಕ್ಟರು ಹೇಳಿದರೆ, ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಆ ಗುಡ್ಡದ ಮೇಲೆ ತಗಡು ಹಾಸಿ ಜಾರುಬಂಡೆ ಆಡಿ ಬಂದ ಚಡ್ಡಿಗಳು ಇನ್ನೂ ಮೈಮೇಲೇ ಇರುತ್ತಿದ್ದವಲ್ಲ. ಮುಂದೆ ಕಾಲೇಜಿನಲ್ಲಿ ಓದುವಾಗ ನೋಡಿದರೆ, ಚಿನ್ನಕ್ಕೆ ಸಯನೈಡ್ ಬಳಸುವ ಕ್ರಮಕ್ಕೆ ಗ್ಲಾಸ್ಗೋದವರಿಗೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ, ಷರ್ಲಾಕ್ ಹೋಮ್ಸ್ ಮೊದಲ ಸಲ ಅಚ್ಚಾದದ್ದೂ ಅದೇ 1887ರಲ್ಲಿ. ಆ ದಿನ ಹಾಸ್ಟೆಲಿನಿಂದ ಅಕ್ಕನಿಗೆ ಇದನ್ನೇ ಒಂದು ಇನ್‌ಲ್ಯಾಂಡ್ ಲೆಟರಿನ ತುಂಬ ಬರೆದೆ.

ಇಂಥದೇ ಇನ್ನೊಂದನ್ನು ಅಪ್ಪ ಇಟ್ಟುಕೊಂಡಿದ್ದರು. ಟೀವಿಯ ಲಂಡನ್ನಿನಲ್ಲಿ ಮಂಜು ಮುಸುಕಿ ಬೀದಿಯ ಗ್ಯಾಸ್‌ದೀಪಗಳು ಮಿಣಮಿಣ ಅಂದರೆ ಅವರು ಬಾಗಿಲಲ್ಲಿ ನಿಂತೇ ಹೇಳುವರು: “ಅವರದು ಗ್ಯಾಸ್‌ದೀಪ, ನಮ್ಮದು ಶಿವನಸಮುದ್ರದ ಕರೆಂಟು.” ಬಾಸ್ಕರ್‌ವಿಲ್‌ನ ಬೇಟೆನಾಯಿಯ ಕಥೆ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಕಂತುಕಂತಾಗಿ ಮುಗಿದದ್ದು 1902ರಲ್ಲಿ, ಅದೇ ವರ್ಷ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ನಮ್ಮ ಗಣಿಗಳಿಗೆ ವಿದ್ಯುತ್ತು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಕ್ಕೂ ಮೂರು ವರ್ಷ ಆದಮೇಲೆ, 1905ರಲ್ಲಿ. ಇದನ್ನು ಹೇಳುವಾಗ ಅಪ್ಪನ ಎದೆ ಉಬ್ಬುತ್ತಿದ್ದದ್ದು ಕಾಣುತ್ತಿತ್ತು, ಆ ತಂತಿಯನ್ನು ತಾವೇ ಎಳೆದವರೇನೋ ಅನ್ನಿಸುವಷ್ಟು.

‘ನಾರ್ವುಡ್ ಬಿಲ್ಡರ್’ ಕಥೆಯಲ್ಲಿ ಗೋಡೆಯ ಮೇಲೆ ರಕ್ತದ ಹೆಬ್ಬೆಟ್ಟಿನ ಗುರುತು ಸಿಗುತ್ತದೆ. ಪೊಲೀಸರು ಸಿಕ್ಕಿಬಿದ್ದ ಕಳ್ಳ ಅಂತ ಕುಣಿಯುತ್ತಾರೆ, ಹೋಮ್ಸ್ ಮಾತ್ರ ಆ ಗುರುತು ನಿನ್ನೆ ಇರಲಿಲ್ಲವಲ್ಲ ಅಂತ ಹಿಡಿಯುತ್ತಾನೆ. ಅವತ್ತು ಮೋಡಾದ ಮೇಲಿದ್ದ ತಾತಾ ಎದ್ದು ಕೂತರು. ಎಲೆಡಿಕೆ ಉಗುಳಿ ಬಂದು, ಟೀವಿ ಕಡೆ ಬೆನ್ನು ಹಾಕಿ, ತಮ್ಮ ಬಲಗೈ ಹೆಬ್ಬೆರಳು ನಮಗೆ ತೋರಿಸಿ ಕಥೆ ಹೇಳಲು ನಿಂತರು. 1930ರಲ್ಲಿ ಕಂಪನಿಯವರು ಕೂಲಿಯಾಳುಗಳೆಲ್ಲ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಅಂತ ಹೊರಡಿಸಿದಾಗ, ನಾವೇನು ಕಳ್ಳರಾ ಅಂತ ಇಡೀ ಗಣಿ ಕೆಲಸ ಬಿಟ್ಟು ಹೊರಗೆ ನಿಂತಿತು. ಅವರಪ್ಪ ಆ ಮುಷ್ಕರದಲ್ಲಿದ್ದವರು. ಶಾಫ್ಟಿನ ಚಕ್ರ ನಿಂತಿತಂತೆ, ಗಣಿಯ ಸೈರನ್ನು, ಅದೇ ಸಂಗು, ಊದಿದರೂ ಲೈನುಗಳಿಂದ ಒಂದು ನರಪಿಳ್ಳೆ ಹೊರಡಲಿಲ್ಲವಂತೆ, ಒಲೆ ಹಚ್ಚಲು ಏನೂ ಇಲ್ಲದ ಮನೆಗೆ ಪಕ್ಕದವರು ರಾಗಿ ಕೊಟ್ಟರಂತೆ. ಪ್ರತಿ ದಿನ ಪಾಳಿ ಮುಗಿಸಿ ಮೇಲೆ ಬಂದವರ ಬಾಯಿ, ತಲೆಕೂದಲು, ಬುತ್ತಿ ಡಬ್ಬಿಯನ್ನೆಲ್ಲ ವಾಚ್ ಅಂಡ್ ವಾರ್ಡಿನವರು ತಡಕಿ ನೋಡುತ್ತಿದ್ದ ಊರು ಅದು. ಅವರು ಹೇಳಿ ಮುಗಿಸುವ ಹೊತ್ತಿಗೆ ನಾರ್ವುಡ್ಡಿನ ಕೇಸು ಮುಗಿದು ಕ್ಯಾಸೆಟ್ಟು ತಾನೇ ನಿಂತಿತ್ತು. ಆಂಟಿ ರಿವೈಂಡ್ ಮಾಡಲು ಏಳಲಿಲ್ಲ. ಅವರ ಮುತ್ತಜ್ಜ ಮೇಲಿನ ಬಂಗಲೆಯವರು, ಇವರಪ್ಪ ಕೆಳಗಿನ ಲೈನಿನವರು. ಆ ಮುತ್ತಜ್ಜನ ಮರಿಮಗಳೂ ಈ ಅಪ್ಪನ ಮಗನೂ ಒಂದೇ ಟೀವಿಯ ಮುಂದೆ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಆಂಟಿ ಒಳಗೆ ಹೋಗಿ ತಾತಾಗೆ ಬಿಸಿ ಕಾಫಿ ತಂದುಕೊಟ್ಟರು.

ಬೇಸಿಗೆ ರಜಕ್ಕೆ ನಾವು ಬಂಗಾರಪೇಟೆಗೆ ಹೋಗುವುದು, ಅಮ್ಮನ ತವರು. ಮಾರಿಕುಪ್ಪಂ ಗಾಡಿಯಲ್ಲಿ ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟಿ ಇಳಿದಿಳಿದು ಹೋಗುವ ದಾರಿ. ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ಹೋಮ್ಸ್ ರೈಲಿನ ಕಿಟಕಿಯಿಂದ ಟೆಲಿಗ್ರಾಫ್ ಕಂಬ ಎಣಿಸಿ ವೇಗ ಹೇಳುತ್ತಾನೆ. ಅಲ್ಲಿ ಅರವತ್ತು ಗಜಕ್ಕೊಂದು ಕಂಬ, ಲೆಕ್ಕ ಸುಲಭ ಅನ್ನುತ್ತಾನೆ. ನಾವೂ ಒಬ್ಬರು ಕಂಬ ಎಣಿಸಿ, ಒಬ್ಬರು ಅಪ್ಪನ ಎಚ್‌ಎಂಟಿ ವಾಚು ಹಿಡಿದು, ಒಬ್ಬರು ಟಿಕೆಟ್ಟಿನ ಹಿಂದೆ ಭಾಗಾಕಾರ ಮಾಡಿ ನೋಡಿದರೆ ನಮ್ಮ ಗಾಡಿ ಸೈಕಲ್ಲಿನಷ್ಟೇ ಓಡುತ್ತಿತ್ತು. ಸ್ಟೇಷನ್ನಿನ ಹತ್ತಿರವೇ ಅಜ್ಜಿಯ ಮನೆ. ರಾತ್ರಿ ಮದ್ರಾಸಿನ ಮೇಲ್ ಹೋದರೆ ಹಲಗೆಯ ಮೇಲಿನ ಸ್ಟೀಲು ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಊರಿನಲ್ಲಿ ನೆಲದಡಿ ಬಂಡೆ ಸಿಡಿದರೆ ನಮ್ಮ ಮನೆಯ ಲೋಟಗಳೂ ಹೀಗೇ ಅಲುಗುತ್ತಿದ್ದವು, ಆಗ ಎಲ್ಲರೂ ಉಸಿರು ಬಿಗಿಹಿಡಿದು ಸಂಗು ಕೂಗುತ್ತದೇನೋ ಅಂತ ಕೇಳಿಸಿಕೊಳ್ಳಬೇಕು. ಅಜ್ಜಿಯ ಮನೆಯಲ್ಲಿ ಅದೇ ಸದ್ದಿಗೆ ಮಗ್ಗುಲು ಬದಲಾಯಿಸಿ ಮಲಗಬಹುದಿತ್ತು.

ಅಜ್ಜಿ ಪತ್ತೇದಾರಿಯಲ್ಲಿ ನಮಗಿಂತ ಹಿರಿಯಳು. ಅವಳ ದಿಂಬಿನ ಕೆಳಗೆ ಎನ್. ನರಸಿಂಹಯ್ಯನವರ ಕಾದಂಬರಿಗಳಿರುತ್ತಿದ್ದವು. ಪತ್ತೇದಾರ ಪುರುಷೋತ್ತಮನನ್ನು ಅವಳು ತಾಯಿಕಡೆ ನೆಂಟನ ಹಾಗೆ ಹೆಸರು ಹಿಡಿದು ಮಾತಾಡುತ್ತಿದ್ದಳು. ರೇಲ್ವೆಯಲ್ಲಿದ್ದ ತಾತ ಆ ಪುಸ್ತಕಗಳನ್ನು ತಂದುಕೊಡುವರು, ಅವಳು ಮಧ್ಯಾಹ್ನ ಮುಸುರೆ ತಿಕ್ಕಿ ಆದಮೇಲೆ ನಡುಮನೆಯ ತಣ್ಣನೆ ನೆಲದ ಮೇಲೆ ಒರಗಿ ಓದುವಳು, ಹಾಳೆ ಮಡಚುವವರನ್ನು ಕಂಡರೆ ಕೆಂಡವಾಗುವಳು. ಹಿಂದಿ ಬರದಿದ್ದರೂ 1985ರಲ್ಲಿ ದೂರದರ್ಶನದಲ್ಲಿ ಬಂದ ‘ಕರಮ್‌ಚಂದ್’ನ ಕ್ಯಾರೆಟ್ಟು ಕಡಿಯುವ ಪಂಕಜ್ ಕಪೂರ್‌ನನ್ನು ಒಪ್ಪಿಕೊಂಡಿದ್ದಳು, 1993ರ ‘ಬ್ಯೋಮ್‌ಕೇಶ್ ಬಕ್ಷಿ’ ಬಂದಾಗ ರಜಿತ್ ಕಪೂರ್ ಪಂಚೆ ಉಡುವ ಅಂದಕ್ಕೇ ಪೂರ್ತಿ ಅಂಕ ಕೊಟ್ಟಳು. ಒಂದು ಬೇಸಿಗೆಯಲ್ಲಿ ಆಂಟಿ ನಮ್ಮ ಕೈಗೆ ಎರಡು ಕ್ಯಾಸೆಟ್ಟು ಕೊಟ್ಟು ಕಳಿಸಿದರು. ಚಿಕ್ಕಪ್ಪ ವೀಡಿಯೊ ಅಂಗಡಿಯಿಂದ ರಾತ್ರಿಗೆ ಡೆಕ್ಕು ಬಾಡಿಗೆ ತಂದರು. ಅದರಲ್ಲಿದ್ದದ್ದು ಮಿಸ್ ಮಾರ್ಪಲ್, ಜೋನ್ ಹಿಕ್ಸನ್.

ಬಿಳಿಗೂದಲಿನ ಮುದುಕಿ. ಹೆಣೆಯುವ ಕಡ್ಡಿ, ಕೈಚೀಲ, ಮೆತ್ತಗಿನ ಮಾತು. ಅಜ್ಜಿ ಮೊದಲ ಹತ್ತು ನಿಮಿಷ ಬಾಯಿ ಬಿಡಲಿಲ್ಲ. ಆಮೇಲೆ ನಮ್ಮನ್ನು ಪಕ್ಕಕ್ಕೆ ಸರಿಸಿ ಟೀವಿಗೆ ಮೂರಡಿ ಹತ್ತಿರ ಬಂದು ಕೂತಳು. “ನೋಡ್ರೇ, ಕೈ ಸ್ವೆಟರ್ ಮೇಲೈತೆ, ಕಣ್ಣು ಅವನ ಜೋಡಿನ ಮೇಲೈತೆ. ಇವಳೇ ಹಿಡೀತಾಳೆ, ಆ ಇನ್ಸ್‌ಪೆಕ್ಟರಪ್ಪನ ಕೈಲಾಗಲ್ಲ.” ಬೀದಿಯಲ್ಲಿ ಯಾರ ಮನೆಗೆ ಯಾವ ಹೊತ್ತಿಗೆ ಯಾರು ಬಂದರು, ಯಾರ ಅಂಗಳದಲ್ಲಿ ಇವತ್ತು ರಂಗೋಲಿ ಬಿದ್ದಿಲ್ಲ, ಯಾವ ಸೊಸೆ ಹೂ ಮುಡಿಯದೆ ಕೊಳಾಯಿಗೆ ಬಂದಳು ಎಂಬುದನ್ನು ಕಿಟಕಿಯಲ್ಲಿ ಕೂತೇ ಓದಬಲ್ಲವಳಾಗಿದ್ದ ನಮ್ಮಜ್ಜಿಗೆ ಆ ಇಂಗ್ಲಿಷು ಮುದುಕಿಯ ಕಸುಬು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಕ್ಸನ್ ಇನ್ನೂ ನಡುವಯಸ್ಸಿನ ನಾಟಕದ ನಟಿಯಾಗಿದ್ದಾಗಲೇ ಅಗಾಥಾ ಕ್ರಿಸ್ಟಿ ಅವರಿಗೆ ಚೀಟಿ ಬರೆದು, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂದಿದ್ದರಂತೆ. ಆ ಮಾತು ನಡೆದದ್ದು 1984ರಲ್ಲಿ, ಹಿಕ್ಸನ್ನರಿಗೆ ಎಪ್ಪತ್ತೆಂಟಾದಾಗ. ಹನ್ನೆರಡು ಕಾದಂಬರಿಗಳನ್ನೂ ಅವರೇ ಮಾಡಿದರು. ಇದನ್ನು ಅಜ್ಜಿಗೆ ಹೇಳುವ ಹೊತ್ತಿಗೆ ಅವಳಿರಲಿಲ್ಲ, ಅದೊಂದು ಕೊರಗು ಉಳಿದುಬಿಟ್ಟಿತು; ಎಪ್ಪತ್ತೆಂಟರಲ್ಲಿ ಹೊಸದಾಗಿ ಶುರುಮಾಡಿದ ಹೆಂಗಸಿನ ಸುದ್ದಿ ಅವಳಿಗೆ ಬಹಳ ಹಿಡಿಸುತ್ತಿತ್ತು. ಅವಳ ದೂರು ಒಂದೇ ಇತ್ತು: ಅದು ಬಿಬಿಸಿಯದಾದ್ದರಿಂದ ನಡುವೆ ಅಡ್ವಟೈಸು ಬರುತ್ತಿರಲಿಲ್ಲ, ಒಲೆಯ ಮೇಲಿಟ್ಟ ಹಾಲನ್ನು ನೋಡಿ ಬರಲು ಬಿಡುವೇ ಇರುತ್ತಿರಲಿಲ್ಲ.

ತೊಂಬತ್ತರ ದಶಕ ಬಂದಂತೆ ಕ್ಯಾಸೆಟ್ಟುಗಳು ಕಡಿಮೆಯಾದವು. ಕೇಬಲ್ ಬಂತು, ಒಂದೊಂದೇ ಮನೆಯಲ್ಲಿ ಟೀವಿ ಬಂತು, ಜಮಖಾನ ಸುತ್ತಿ ಮೂಲೆಗೆ ಹೋಯಿತು. ತಾತಾ ಹೋದರು. ಆಂಟಿ ಮನೆ ಸಾಮಾನೆಲ್ಲ ಮಾರಿ, ಬೆತ್ತದ ಕುರ್ಚಿಯನ್ನು ಅಮ್ಮನಿಗೆ ಕೊಟ್ಟು, ತಂಗಿಯ ಹತ್ತಿರ ಹೊರಟರು. ಬಂಗಾರಪೇಟೆ ಜಂಕ್ಷನ್ನಿನ ತನಕ ಬಿಡಲು ಇಡೀ ಸಾಲು ಹೋಗಿತ್ತು. 1995ರ ಸೆಪ್ಟೆಂಬರಿನಲ್ಲಿ ಜೆರೆಮಿ ಬ್ರೆಟ್ ತೀರಿಕೊಂಡ ಸುದ್ದಿಯನ್ನು ಅವರು ಪೇಪರಿನ ತುಣುಕಿನ ಸಮೇತ ಕಾಗದ ಬರೆದು ತಿಳಿಸಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಶಾಫ್ಟುಗಳು. ನೀರು ಎತ್ತುವ ಪಂಪು ನಿಂತ ಮೇಲೆ ಕೆಳಗಿನಿಂದ ನೀರು ತುಂಬತೊಡಗಿತು. ಸಂಗು ನಿಂತ ಮೊದಲ ವಾರ ಅಪ್ಪ ನಸುಕಿನಲ್ಲೇ ಎದ್ದು ಷರಾಯಿ ತೊಟ್ಟು ವೆರಾಂಡದಲ್ಲಿ ಕೂರುತ್ತಿದ್ದರು. ನಮ್ಮ ಜೊತೆ ಜಮಖಾನದ ಮೇಲೆ ಕೂತಿದ್ದವರು ಈಗ ಕತ್ತಲಿರುವಾಗಲೇ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಬುತ್ತಿಚೀಲ ಹಿಡಿದು ಇಳಿಯುತ್ತಾರೆ. ಬಂಗಲೆಗಳಲ್ಲಿ ಕೆಲವು ಸೂರು ಕಳಚಿಕೊಂಡು ನಿಂತಿವೆ, ಹೊಗೆಗೂಡು ಮಾತ್ರ ನೆಟ್ಟಗಿದೆ.

ಹೋದ ಸಂಕ್ರಾಂತಿಗೆ ಎಲ್ಲರೂ ಬಂಗಾರಪೇಟೆಯ ಚಿಕ್ಕಪ್ಪನ ಮನೆಯಲ್ಲಿ ಸೇರಿದ್ದೆವು. ತಮ್ಮ ಪೂರ್ತಿ ಸರಣಿಯನ್ನು ಲ್ಯಾಪ್‌ಟಾಪಿನಲ್ಲಿ ತಂದು ದೊಡ್ಡ ಟೀವಿಗೆ ಜೋಡಿಸಿದ. ಪಿಟೀಲು ಬಂತು. ಆ ಕಾಲದಲ್ಲಿ ಧೂಳು ಧೂಳಾಗಿ ಕಾಣುತ್ತಿದ್ದ ಬೇಕರ್ ಸ್ಟ್ರೀಟು ಈಗ ಒಂದೊಂದು ಇಟ್ಟಿಗೆ ಎಣಿಸುವಷ್ಟು ಸ್ವಚ್ಛ. ವಾಟ್ಸನ್ ಯಾರು ಮೇಲು, ಮೊದಲು ಬಂದ ಡೇವಿಡ್ ಬರ್ಕೋ ಆಮೇಲೆ ಬಂದ ಎಡ್ವರ್ಡ್ ಹಾರ್ಡ್‌ವಿಕ್ಕೋ ಎಂಬ ಹಳೇ ಜಗಳ ಅಕ್ಕನಿಗೂ ಚಿಕ್ಕಪ್ಪನಿಗೂ ಬಿಟ್ಟ ಜಾಗದಿಂದಲೇ ಮತ್ತೆ ಶುರುವಾಯಿತು. ಅಕ್ಕನ ಮಗಳು ಬಂಗಾರಪೇಟೆಯ ಪಾನಿಪುರಿ ಕಟ್ಟಿಸಿಕೊಂಡು ಬಂದಿದ್ದಳು, ತಿಳಿನೀರಿನಂತೆ ಬಿಳಿಯಾಗಿರುವ ಆ ಖಾರದ ಪಾನಿಯನ್ನು ಲೋಟಕ್ಕೆ ಬಗ್ಗಿಸುತ್ತಿದ್ದಳು. ಹೋಮ್ಸ್ ಕುದುರೆಗಾಡಿ ಹತ್ತಿ ಬಾಗಿಲು ಹಾಕಿಕೊಂಡ, ಚಿತ್ರ ಒಂದು ಕ್ಷಣ ಕಪ್ಪಾಯಿತು, ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

“ಎಲ್ಲಿಗಮ್ಮ?” ಅಂದ ತಮ್ಮ.

“ಕೊಡ ತುಂಬಿರ್ತದೆ,” ಅಂದವಳು ತಾನೇ ನಕ್ಕಳು. ಚಿಕ್ಕಪ್ಪನ ಮನೆಗೆ ಬೋರ್‌ವೆಲ್ಲಿದೆ, ಮಹಡಿ ಮೇಲೆ ಸಿಂಟೆಕ್ಸಿದೆ. ಚಿಂಪಾಂಜಿಗಳು ಬರಲಿಲ್ಲ, ಆಗಲೇ ಮುಂದಿನ ದೃಶ್ಯ ಬಂದಾಗಿತ್ತು. “ಕೂತ್ಕೊ ದೊಡ್ಡಮ್ಮ, ನಿಲ್ಲಿಸ್ತೀವಿ” ಅಂತ ಚಿಕ್ಕಪ್ಪನ ಮಗ ಗುಂಡಿ ಒತ್ತಿ ಹೋಮ್ಸನನ್ನು ಗಾಡಿಯೊಳಗೇ ನಿಲ್ಲಿಸಿದ. ಅಮ್ಮ ಕೂರಲಿಲ್ಲ. ಎದ್ದಿದ್ದಾಯಿತಲ್ಲ, ಅವರೆಕಾಯಿ ತಂದಿದ್ದೀರಾ ಹೇಗೂ, ಬಿಡಿಸಿಟ್ಟರೆ ನಾಳೆಗೆ ಹಿತಕಬೇಳೆ ಹುಳಿ ಆಗುತ್ತದೆ, ಮೊರ ಎಲ್ಲಿದೆ ಅಂತ ಚಿಕ್ಕಮ್ಮನನ್ನು ಕೇಳುತ್ತ ಅಡಿಗೆಮನೆಗೆ ಹೋದಳು. ಅಕ್ಕ ಬರ್ಕ್‌ನ ಪರವಾಗಿ ಇನ್ನೂ ವಾದಿಸುತ್ತಲೇ ಅವಳ ಹಿಂದೆ ಎದ್ದಳು.